ಮಂಡಗದ್ದೆ ಮರಿಗಳ ಊಟ ಮತ್ತು ಗರಿಯ ಲೆಕ್ಕ

ಶಿವಮೊಗ್ಗ ಜಿಲ್ಲೆಯ ಮಂಡಗದ್ದೆ ಪಕ್ಷಿಧಾಮದ ಬೆಳ್ಳಕ್ಕಿಗಳು ಮರಿಗಳಿಗೆ ತುಂಗೆಯ ಮೀನು ಕೊಡುತ್ತವೋ, ಗದ್ದೆಯ ಕಪ್ಪೆ-ಹುಳ ಕೊಡುತ್ತವೋ, ಉದುರಿದ ಗರಿಯ ಐಸೋಟೋಪ್ (ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣುಗಳು) ನೋಡಿ ಹೇಳಬಹುದೇ ಎಂದು ಕೇಳಿದ್ದೀರಿ. ಸ್ವಲ್ಪ ಮಟ್ಟಿಗೆ ಹೇಳಬಹುದು. ಕಡಲಹಕ್ಕಿಗಳ ಮೇಲೆ ಈ ಕೆಲಸ ದಶಕಗಳಿಂದ ನಡೆದಿದೆ.

ಗರಿ ಬೆಳೆಯುವಾಗ ತಿಂದದ್ದರ ಗುರುತು ಅದರಲ್ಲೇ ಉಳಿಯುತ್ತದೆ, ಆಮೇಲೆ ಬದಲಾಗುವುದಿಲ್ಲ. ಹಾಗಾಗಿ ಮರಿಯ ಗರಿ ಅಂದ್ರೆ ಗೂಡಿನ ಊಟದ ಲೆಕ್ಕ. ಹುಟ್ಟುವಾಗಿನ ತುಪ್ಪಳ ಮಾತ್ರ ಬೇಡ, ಅದು ಮೊಟ್ಟೆಯೊಳಗೇ ತಾಯಿ ತಿಂದದ್ದರಿಂದ ಆದದ್ದು. ದೊಡ್ಡ ಹಕ್ಕಿಯ ಗರಿಯೂ ಬೇಡ, ಅದು ಹಿಂದೆ ಎಲ್ಲೋ ಗರಿ ಬದಲಿಸಿದಾಗಿನದು, ಎರಡೂ ಬೆರೆತರೆ ಲೆಕ್ಕ ಕೆಟ್ಟಿತು.

ಆಹಾರ ಸರಪಳಿಯಲ್ಲಿ ಒಂದು ಮೆಟ್ಟಿಲು ಹತ್ತಿದರೆ ನೈಟ್ರೋಜನ್-15, ಅಂದ್ರೆ ನೈಟ್ರೋಜನ್‌ನ ಭಾರದ ಐಸೋಟೋಪ್, ಸಾವಿರಕ್ಕೆ ಸುಮಾರು 3ರಿಂದ 4ರಷ್ಟು ಏರುತ್ತದೆ. ಕಾರ್ಬನ್‌ನ ಭಾರದ ಐಸೋಟೋಪ್ ಕಾರ್ಬನ್-13 ಆಹಾರ ಎಲ್ಲಿಂದ ಬಂತು ಎಂದು ಹೇಳುತ್ತದೆ. ಕಡಲಲ್ಲಾದರೆ ದಡದ ಹತ್ತಿರದ್ದೋ ದೂರದ್ದೋ ಎಂದು. ನಮ್ಮಲ್ಲಿ ಕಾರ್ಬನ್-13 ಅಳತೆ ಭತ್ತಕ್ಕೆ ಸುಮಾರು −27, ಮೆಕ್ಕೆಜೋಳಕ್ಕೆ ಸುಮಾರು −12 (ಗೊತ್ತಾದ ಒಂದು ಮಾದರಿಗಿಂತ ಸಾವಿರಕ್ಕೆ ಅಷ್ಟು ಕಡಿಮೆ ಎಂದು), ಅಷ್ಟು ಅಂತರ ಇರುವುದರಿಂದ ಜೋಳದ ಹೊಲದ ಹುಳ ಜಾಸ್ತಿ ತಿಂದಿದ್ದರೆ ಕಣ್ಣಿಗೆ ಬೀಳುತ್ತದೆ.

ಆದರೆ ಯಾವ ಮೀನು ಎಂದು ಹೆಸರು ಹೇಳುವುದಿಲ್ಲ ಕಣ್ರೀ. ಕಪ್ಪೆ, ಮೀನು, ಹುಳ ಎಲ್ಲವನ್ನೂ ಬೇರೆ ಬೇರೆ ಅಳೆದಿರಬೇಕು. ಕೊಟ್ಟಿಗೆ ಗೊಬ್ಬರ ಹಾಕಿದ ಗದ್ದೆಯಲ್ಲಿ ನೈಟ್ರೋಜನ್-15 ಮೊದಲೇ ಜಾಸ್ತಿ ಇರುತ್ತದೆ, ಸುಮ್ನೆ ಗರಿ ಒಂದನ್ನೇ ನಂಬಿದರೆ ಕಪ್ಪೆ ತಿಂದವನು ಮೀನು ತಿಂದಂತೆ ಕಾಣಬಹುದು. ಮರದ ಕೆಳಗೆ ಮರಿ ಕಕ್ಕಿದ್ದನ್ನೂ ನೋಡಿ, ಗಲೀಜು ನಿಜ, ಆದರೆ ಹೆಸರು ಸಿಗುವುದು ಅಲ್ಲೇ.

ಗರಿ ಎತ್ತುವ ಮೊದಲು ಅರಣ್ಯ ಇಲಾಖೆಯ ಅನುಮತಿ ತಗೊಳ್ಳಿ, 1972ರ ವನ್ಯಜೀವಿ ಕಾಯ್ದೆ ಇದೆ.