ನಮ್ಮ ಜಮೀನಿನ ಚಿನ್ನದ ಅದಿರು ಸೈನೈಡಿಗೆ ಬಗ್ಗುತ್ತದೆಯೇ ಎಂದು ತಿಳಿಯುವುದು ಹೇಗೆ?

ಬಂಗಾರಪೇಟೆ ಕಡೆಯ ನಿಮ್ಮ ಜಮೀನಿನ ಬೆಣಚುಕಲ್ಲಿನಲ್ಲಿ ಟನ್ನಿಗೆ 5 ಗ್ರಾಂ ಚಿನ್ನವಿದೆ ಎಂದು ಒಂದು ಪ್ರಯೋಗಾಲಯ ವರದಿ ಕೊಟ್ಟಿದೆ. ಅದು ಸೈನೈಡಿನಲ್ಲಿ ಕರಗುತ್ತದೆಯೇ, ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ನೀವೇ ಹಾಕಿ ನೋಡಬಹುದೇ ಎಂದು ಕೇಳಿದ್ದೀರಿ.

ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ: ದಯವಿಟ್ಟು ಬೇಡ. ಸೈನೈಡ್ ದ್ರಾವಣವನ್ನು ಸುಣ್ಣ ಹಾಕಿ ಪಿಎಚ್ (ಆಮ್ಲ-ಕ್ಷಾರದ ಅಳತೆ) 10.5ರಷ್ಟರಲ್ಲಿ ಹಿಡಿದಿಡಬೇಕು. ಅದು 9.2ರ ಹತ್ತಿರಕ್ಕೆ ಇಳಿದರೆ ಅರ್ಧದಷ್ಟು ಸೈನೈಡ್ ಹೈಡ್ರೋಜನ್ ಸೈನೈಡ್ ಎಂಬ ಪ್ರಾಣ ತೆಗೆಯುವ ವಿಷವಾಗಿ ಮಾರ್ಪಟ್ಟು ಗಾಳಿಗೆ ಹೊರಡಲು ಸಿದ್ಧವಾಗಿರುತ್ತದೆ. ಗಂಧಕದ ಖನಿಜವಿರುವ ಕಲ್ಲು ತಾನೇ ಆಮ್ಲ ಹುಟ್ಟಿಸಿ, ಹಾಕಿದ ಸುಣ್ಣವನ್ನೆಲ್ಲ ತಿಂದುಬಿಡುತ್ತದೆ. ಕಹಿ ಬಾದಾಮಿಯ ವಾಸನೆ ಎಚ್ಚರಿಸುತ್ತದೆ ಎಂದು ನಂಬಿ ಕೂರಬೇಡಿ, ಎಷ್ಟೋ ಜನರ ಮೂಗಿಗೆ ಆ ವಾಸನೆ ಹತ್ತುವುದೇ ಇಲ್ಲ. ಮನೆಯ ಹಿಂದೆ ದನಕರು, ಕೊಳವೆಬಾವಿ, ಮಕ್ಕಳು ಇರುವ ಕಡೆ ಈ ಕೆಲಸಕ್ಕೆ ಜಾಗವಿಲ್ಲ. ಜೊತೆಗೆ, ಜಮೀನು ನಿಮ್ಮದೇ ಆದರೂ 1957ರ ಗಣಿ ಮತ್ತು ಖನಿಜ ಕಾಯ್ದೆಯಂತೆ ಪರವಾನಗಿ ಇಲ್ಲದೆ ಚಿನ್ನ ತೆಗೆಯುವಂತಿಲ್ಲ.

ಇನ್ನು ಮೊದಲ ಪ್ರಶ್ನೆ. ನಾನು ಬಹಳ ವರ್ಷ ಅದಿರು ಪರೀಕ್ಷಿಸುವ ಕೊಠಡಿಯಲ್ಲಿ ಕೆಲಸ ಮಾಡಿದವನು. 'ಎಷ್ಟು ಗ್ರಾಂ ಇದೆ?' ಎಂದು ಕೇಳಿದವರೇ ಹೆಚ್ಚು, 'ಅದು ಕಲ್ಲಿನೊಳಗೆ ಹೇಗೆ ಕುಳಿತಿದೆ?' ಎಂದು ಕೇಳಿದವರು ಬೆರಳೆಣಿಕೆಯಷ್ಟು. ಸೈನೈಡಿನ ಮಟ್ಟಿಗೆ ಎರಡನೆಯದೇ ಮುಖ್ಯ. ಸೈನೈಡ್ ಮತ್ತು ಆಮ್ಲಜನಕ ಎರಡೂ ಮುಟ್ಟಿದ ಚಿನ್ನ ಮಾತ್ರ ಕರಗುತ್ತದೆ.

ನಮ್ಮ ಕೋಲಾರದ ನೆಲವೇ ಇದಕ್ಕೆ ಉದಾಹರಣೆ. ಚಾಂಪಿಯನ್ ರೀಫ್ ಎಂಬುದು ಬೆಣಚುಕಲ್ಲಿನ ಸಾಲು, ಅದರಲ್ಲಿ ಚಿನ್ನ ಬಹುಪಾಲು ಬಿಡಿಯಾಗಿಯೇ ಇತ್ತು. ಅದಕ್ಕೆ ಪಶ್ಚಿಮದಲ್ಲಿರುವ ಸಾಲುಗಳಲ್ಲಿ ಪಿರೋಟೈಟ್, ಆರ್ಸೆನೋಪೈರೈಟ್‌ನಂಥ ಗಂಧಕದ ಖನಿಜಗಳು ಹೆಚ್ಚು. ಒಂದೇ ಶಿಲಾಪಟ್ಟಿ, ಆದರೆ ಸ್ವಭಾವ ಬೇರೆ. ಆದ್ದರಿಂದ 'ಕೆಜಿಎಫ್ ಹತ್ತಿರದ ಕಲ್ಲು' ಎಂಬ ಒಂದೇ ಕಾರಣಕ್ಕೆ ಏನನ್ನೂ ಊಹಿಸಬೇಡಿ. 2001ರಲ್ಲಿ ಮುಚ್ಚಿದ ಗಣಿಯಲ್ಲಿ ಸೈನೈಡಿಗೆ ಹಾಕಿ ಉಳಿದ ಪುಡಿಯ ಬೂದುಬಣ್ಣದ ದಿಬ್ಬಗಳಲ್ಲಿ ಇಂದಿಗೂ ಅಲ್ಪಸ್ವಲ್ಪ ಚಿನ್ನ ಉಳಿದಿದೆ.

ಮೊದಲು ನಿಮ್ಮ 5 ಗ್ರಾಂ ಎಂಬ ಅಂಕಿಯನ್ನೇ ಗಟ್ಟಿ ಮಾಡಿಕೊಳ್ಳಿ. ನಂಬಿಕೆಗೆ ಅರ್ಹವಾದದ್ದು ಬೆಂಕಿ ಪರೀಕ್ಷೆ, ಅಂದರೆ ಫೈರ್ ಅಸ್ಸೇ. ನುಣ್ಣಗೆ ಅರೆದ ಸುಮಾರು 50 ಗ್ರಾಂ ಅದಿರಿಗೆ ಸೀಸದ ಆಕ್ಸೈಡ್, ಸೋಡಾ, ಬಿಳಿಗಾರ, ಸ್ವಲ್ಪ ಗೋಧಿಹಿಟ್ಟು ಬೆರೆಸಿ ಮೂಸೆಯಲ್ಲಿ ಕರಗಿಸುತ್ತಾರೆ. ಹಿಟ್ಟು ಸುಟ್ಟು ಸೀಸವನ್ನು ಬಿಡಿಸುತ್ತದೆ, ಸೀಸ ಚಿನ್ನವನ್ನು ಹೊತ್ತು ತಳಕ್ಕೆ ಇಳಿಯುತ್ತದೆ. ಆ ಸೀಸದ ಗುಂಡಿಯನ್ನು ಮೂಳೆಬೂದಿಯ ಬಟ್ಟಲಲ್ಲಿಟ್ಟು ಮತ್ತೆ ಕುಲುಮೆಗೆ ಹಾಕಿದರೆ ಬಟ್ಟಲು ಸೀಸವನ್ನು ಹೀರುತ್ತಾ ಹೋಗುತ್ತದೆ. ಕೊನೆಯ ಕ್ಷಣದಲ್ಲಿ ಮಣಿ ಒಮ್ಮೆ ಮಿಂಚಿ ಸುಮ್ಮನಾಗುತ್ತದೆ. ಬೆಳ್ಳಿ, ಚಿನ್ನ ಎರಡೂ ಬೆರೆತ, ಸಾಸಿವೆಗಿಂತ ಚಿಕ್ಕದಾದ ಆ ಮಣಿಯನ್ನು ನೈಟ್ರಿಕ್ ಆಮ್ಲಕ್ಕೆ ಹಾಕಿದರೆ ಬೆಳ್ಳಿ ಕರಗಿ ಕಪ್ಪು ಚುಕ್ಕೆಯೊಂದು ಉಳಿಯುತ್ತದೆ. ಅದನ್ನು ಕಾಯಿಸಿದಾಗ ಹಳದಿ ಬಣ್ಣ ಏರುವುದನ್ನು ಎಷ್ಟು ಸಲ ನೋಡಿದರೂ ನನಗೆ ಬೇಸರವಾಗಲಿಲ್ಲ. ನಿಮ್ಮ ಅದಿರಿನ 50 ಗ್ರಾಂನಲ್ಲಿ ಇರಬೇಕಾದ ಚಿನ್ನ 0.25 ಮಿಲಿಗ್ರಾಂ, ಅಷ್ಟೆ. ಒಂದೇ ಒಂದು ದಪ್ಪ ಕಣ ಹೆಚ್ಚಾಗಿ ಸೇರಿದರೂ ಲೆಕ್ಕ ತಲೆಕೆಳಗಾಗುತ್ತದೆ. ಒಂದೇ ಚೀಲದಿಂದ ತೆಗೆದ ಎರಡು ಮಾದರಿಗಳಲ್ಲಿ ಒಂದು 2, ಇನ್ನೊಂದು 9 ಎಂದು ಬಂದದ್ದನ್ನು ನಾನೇ ತೂಗಿ ನೋಡಿದ್ದೇನೆ. ಆದ್ದರಿಂದ ಹೊಳೆಯುವ ಕಲ್ಲುಗಳನ್ನು ಆರಿಸಿ ಕಳುಹಿಸಬೇಡಿ. ಸಾಲಿನ ಅಗಲಕ್ಕೂ ಸಮನಾಗಿ ಕಲ್ಲು ತೆಗೆದು, ಎಲ್ಲವನ್ನೂ ಒಡೆದು, ಬೆರೆಸಿ, ಭಾಗ ಮಾಡಿ ಕನಿಷ್ಠ ಮೂರು ಪರೀಕ್ಷೆ ಮಾಡಿಸಿ. ಹೊಳಪು ಕಬ್ಬಿಣ-ಗಂಧಕದ ಖನಿಜವಾದ ಪೈರೈಟ್‌ನದ್ದೂ ಇರಬಹುದು, ಕಾಗೆಬಂಗಾರದ್ದೂ ಇರಬಹುದು.

ಅಂಕಿ ನಿಂತ ಮೇಲೆ ಪ್ರಯೋಗಾಲಯದಲ್ಲಿ 'ಬಾಟಲ್ ರೋಲ್' ಪರೀಕ್ಷೆ ಕೇಳಿ. ನಿಮ್ಮ ಪ್ರಶ್ನೆಗೆ ನೇರ ಉತ್ತರ ಕೊಡುವುದು ಇದೇ. ಸುಮಾರು ಒಂದು ಕಿಲೋ ಅದಿರನ್ನು ಶೇ. 80ರಷ್ಟು 75 ಮೈಕ್ರಾನ್‌ಗಿಂತ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ಸಣ್ಣದಾಗುವಂತೆ ಅರೆದು, ನೀರು, ಸುಣ್ಣ ಮತ್ತು ಲೀಟರಿಗೆ 1 ಗ್ರಾಂ ಆಸುಪಾಸಿನ ಸೋಡಿಯಂ ಸೈನೈಡ್ ಸೇರಿಸಿ, ಬಾಟಲಿಯನ್ನು ಉರುಳೆಗಳ ಮೇಲೆ ಒಂದರಿಂದ ಮೂರು ದಿನ ತಿರುಗಿಸುತ್ತಾರೆ. ನಡುನಡುವೆ ದ್ರಾವಣ ತೆಗೆದು ಚಿನ್ನ ಎಷ್ಟು, ಸೈನೈಡ್ ಎಷ್ಟು ಉಳಿದಿದೆ, ಪಿಎಚ್ ಎಷ್ಟು ಎಂದು ನೋಡುತ್ತಾರೆ. ಕೊನೆಯಲ್ಲಿ ಉಳಿದ ಗಸಿಗೂ ಬೆಂಕಿ ಪರೀಕ್ಷೆ ಆಗಲೇಬೇಕು. ದ್ರಾವಣದ ಚಿನ್ನ, ಗಸಿಯ ಚಿನ್ನ ಎರಡನ್ನೂ ಕೂಡಿದಾಗ ಮೊದಲಿನ ಅಂಕಿಗೆ ಹತ್ತಿರ ಬರದಿದ್ದರೆ ಆ ವರದಿಯನ್ನು ಹಿಂದಿರುಗಿಸಿ, ಕಾರಣ ಕೇಳಿ.

ಶೇ. 90ಕ್ಕಿಂತ ಹೆಚ್ಚು ಕರಗಿದರೆ ಅದಿರು ಸೈನೈಡಿಗೆ ಸಲೀಸಾಗಿ ಬಗ್ಗುತ್ತದೆ ಎನ್ನಬಹುದು. ಕರಗದಿದ್ದರೆ ಏಕೆ ಎಂದು ಹುಡುಕಬೇಕು. ಗಸಿಯನ್ನು ಜರಡಿ ಹಿಡಿದು ಒಂದೊಂದು ಗಾತ್ರಕ್ಕೂ ಬೇರೆಯಾಗಿ ಪರೀಕ್ಷೆ ಮಾಡಿಸಿ. ದಪ್ಪ ಪುಡಿಯಲ್ಲೇ ಚಿನ್ನ ಉಳಿದಿದ್ದರೆ ಇನ್ನೂ ನುಣ್ಣಗೆ ಅರೆದು ನೋಡಬೇಕು, ಇಲ್ಲವೇ ದಪ್ಪ ಚಿನ್ನವನ್ನು ಅದರ ಭಾರದ ಮೇಲೆ ಮೊದಲೇ ಬೇರ್ಪಡಿಸಬೇಕು. ಅತಿ ನುಣ್ಣನೆಯ ಪುಡಿಯಲ್ಲೂ ಉಳಿದಿದ್ದರೆ ಅದು ಆರ್ಸೆನೋಪೈರೈಟ್ ಅಥವಾ ಪೈರೈಟ್‌ನ ಹರಳಿನೊಳಗೇ ಬೀಗ ಹಾಕಿಕೊಂಡಿರುವ ಸಾಧ್ಯತೆ ಹೆಚ್ಚು. ಆಗ ಹುರಿಯುವುದು, ಒತ್ತಡದಲ್ಲಿ ಆಕ್ಸೀಕರಿಸುವುದು ಅಥವಾ ಬ್ಯಾಕ್ಟೀರಿಯಾದಿಂದ ಒಡೆಸುವುದು ಬೇಕಾಗುತ್ತದೆ. ಇವು ದೊಡ್ಡ ಬಂಡವಾಳದ ಮಾತು. ಚಿನ್ನ ಮೊದಲ ದಿನ ದ್ರಾವಣಕ್ಕೆ ಬಂದು ಆಮೇಲೆ ಕಡಿಮೆಯಾದರೆ, ಅದಿರಿನಲ್ಲಿರುವ ಇಂಗಾಲ ಅದನ್ನು ಹೀರಿಕೊಳ್ಳುತ್ತಿದೆ ಎಂದು ಅನುಮಾನಿಸಿ. ಅದಿರಿನ ಇಂಗಾಲಕ್ಕಿಂತ ಮೊದಲೇ ಚಿನ್ನವನ್ನು ಹಿಡಿಯಲೆಂದು ಬಾಟಲಿಗೆ ಕ್ರಿಯಾಶೀಲ ಇಂಗಾಲ ಹಾಕಿ ಪರೀಕ್ಷೆಯನ್ನು ಮತ್ತೆ ನಡೆಸಿದಾಗ ಫಲಿತಾಂಶ ಏರಿದರೆ ಅನುಮಾನ ನಿಜವೆಂದಾಯಿತು. ಸೈನೈಡ್ ಬಹಳ ಖರ್ಚಾದರೆ ತಾಮ್ರವನ್ನು ಹುಡುಕಿ. ಪಿರೋಟೈಟ್ ಇದ್ದರೆ ಅದು ಆಮ್ಲಜನಕವನ್ನು ಕಬಳಿಸುತ್ತದೆ, ಸುಣ್ಣದ ನೀರಿನಲ್ಲಿ ಮೊದಲೇ ಗಾಳಿ ಹಾಯಿಸಿದರೆ ಎಷ್ಟೋ ಸುಧಾರಿಸುತ್ತದೆ.

ಮಾದರಿ ಕಳುಹಿಸುವಾಗ ಚಿನ್ನದ ಜೊತೆಗೆ ಗಂಧಕ, ಆರ್ಸೆನಿಕ್, ತಾಮ್ರ, ಸಾವಯವ ಇಂಗಾಲ ಇವುಗಳ ಪ್ರಮಾಣವನ್ನೂ ಬರೆದು ಕೇಳಿ. ವರದಿ ಬಂದ ಮೇಲೆ ಗಂಟೆವಾರು ಅಂಕಿಗಳನ್ನೂ ಗಸಿಯ ಅಂಕಿಯನ್ನೂ ಇಲ್ಲೇ ಹಾಕಿದರೆ ಕುಳಿತು ನೋಡಿ ಹೇಳುತ್ತೇನೆ.