ಧಮ್ಮದಿನ್ನೆಗೆ ಮಾತಾಡಲು ಬಿಡಿ

ನಮಸ್ಕಾರ.

ಆರಂಭಕಾಲದ ಬೌದ್ಧ ಗ್ರಂಥಗಳ ಪಾಳಿ ಪದಗಳ ಬಗ್ಗೆ ನೀವು ಕಳಿಸಿದ ಲೇಖನವನ್ನು ಪೂರ್ತಿ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಹಾಕಲು ಆಗುವುದಿಲ್ಲ. ಕೊನೆಯ ಪ್ಯಾರಾದವರೆಗೂ ನಿಮ್ಮನ್ನು ಕಾಯಿಸುವುದು ಬೇಡ ಅಂತ ಮೊದಲೇ ಹೇಳಿಬಿಟ್ಟೆ. ಹಾಗಂತ ಎರಡು ಸಾಲಿನ ವಿಷಾದ ಬರೆದು ಮುಗಿಸುವಂಥ ಲೇಖನವೂ ಇದಲ್ಲ. ನೀವು ಓದಿದ್ದೀರಿ, ಆಸೆಯಿಂದ ಓದಿದ್ದೀರಿ, ಅದು ಗೊತ್ತಾಗುತ್ತದೆ. ಬುದ್ಧನ ಬಗ್ಗೆ ನಮಗೆ ಬರುವ ಬರಹಗಳಲ್ಲಿ ಇವೇ ತೊಂದರೆಗಳು ಮತ್ತೆ ಮತ್ತೆ ಕಾಣುತ್ತವೆ. ಹಾಗಾಗಿ ನಿಮ್ಮ ಹೆಸರು ಬಿಟ್ಟು, ಉಳಿದವರಿಗೂ ಉಪಯೋಗವಾಗಲಿ ಅಂತ ಇಲ್ಲೇ ಉತ್ತರಿಸುತ್ತಿದ್ದೇನೆ.

ಮೊದಲನೆಯದು ಲೇಖನದ ಆಕಾರ. ಅನಿಚ್ಚದಿಂದ ಶುರುವಾಗಿ ವೇದನಾವರೆಗೆ ಪದಗಳನ್ನು ಸಾಲಾಗಿ ನಿಲ್ಲಿಸಿದ್ದೀರಿ. ಪ್ರತಿಯೊಂದಕ್ಕೂ ಮೂರು ಸಾಲಿನ ಅರ್ಥ, ಕೆಳಗೊಂದು ಸುಭಾಷಿತ. ಎರಡನೇ ಪುಟ ಮುಗಿಯುವ ಹೊತ್ತಿಗೆ ದಿನಸಿ ಚೀಟಿ ಓದಿದ ಹಾಗಾಯಿತು. ಆ ಪದಗಳನ್ನು ಯಾರು ಆಡಿದರು, ಯಾರಿಗೆ, ಯಾಕೆ? ಒಂದು ಕಡೆಯೂ ಇಲ್ಲ. ನಿಕಾಯಗಳಲ್ಲಿ, ಅಂದರೆ ಬುದ್ಧನ ಉಪದೇಶಗಳ ಪಾಳಿ ಸಂಗ್ರಹಗಳಲ್ಲಿ, ಬಹುಪಾಲು ಇರುವುದು ಮಾತುಕತೆ. ಯಾರೋ ಬಂದು ಕೂರುತ್ತಾರೆ, ಕೇಳುತ್ತಾರೆ, ಒಪ್ಪದಿದ್ದರೆ ಜಗಳವನ್ನೂ ಆಡುತ್ತಾರೆ. ನೀವು ಆ ಮನುಷ್ಯರನ್ನೆಲ್ಲ ಹೊರಗೆ ಕಳಿಸಿ ಪದಗಳನ್ನಷ್ಟೇ ಉಳಿಸಿಕೊಂಡಿದ್ದೀರಿ.

ಇದರಿಂದ ಏನಾಗುತ್ತದೆ ಅಂದರೆ, ಅರ್ಥವೇ ತಪ್ಪುತ್ತದೆ. ನಿಮ್ಮದೇ ವಾಕ್ಯ ನೋಡಿ: ‘ಐದು ಸ್ಕಂಧಗಳಲ್ಲಿ ವಿಜ್ಞಾನಕ್ಕೂ ಜಾಗ ಕೊಟ್ಟ ಬುದ್ಧ, ಅಂದೇ ವೈಜ್ಞಾನಿಕ ಮನೋಭಾವವನ್ನು ಎತ್ತಿಹಿಡಿದಿದ್ದ.’ ಅಯ್ಯೋ, ಇಲ್ಲ. ಸ್ಕಂಧ (ಪಾಳಿಯಲ್ಲಿ ಖಂಧ) ಅಂದರೆ ಮನುಷ್ಯನನ್ನು ಬಿಡಿಸಿ ನೋಡಿದಾಗ ಸಿಗುವ ಐದು ರಾಶಿಗಳು. ಅಲ್ಲಿನ ವಿಞ್ಞಾಣ ನಮ್ಮ ಹೈಸ್ಕೂಲಿನ ವಿಜ್ಞಾನ ಅಲ್ಲ. ಕಣ್ಣಿಗೆ ರೂಪ ಎದುರಾದಾಗ, ಕಿವಿಗೆ ಶಬ್ದ ಬಿದ್ದಾಗ ಹುಟ್ಟುವ ಅರಿವು ಅದು.

ಇದನ್ನು ನೀವು ಮಜ್ಝಿಮ ನಿಕಾಯದ 38ನೇ ಸುತ್ತದಲ್ಲಿ (ಉಪದೇಶದಲ್ಲಿ) ನೋಡಿದ್ದರೆ ಈ ಎಡವಟ್ಟು ಆಗುತ್ತಿರಲಿಲ್ಲ. ಸಾತಿ ಎಂಬ ಭಿಕ್ಖು, ಮೀನುಗಾರನ ಮಗ. ‘ಇದೇ ವಿಞ್ಞಾಣ ಒಂದು ಜನ್ಮದಿಂದ ಇನ್ನೊಂದಕ್ಕೆ ಓಡುತ್ತದೆ, ಬದಲಾಗದೆ ಸುತ್ತುತ್ತದೆ’ ಅಂತ ಅವನು ಹೇಳಿಕೊಂಡು ತಿರುಗುತ್ತಿದ್ದ. ಜೊತೆಯ ಭಿಕ್ಖುಗಳು ಹೇಳಿದರೂ ಕೇಳಲಿಲ್ಲ. ಬುದ್ಧ ಕರೆಸಿ ಕೇಳಿದ: ಯಾವುದಪ್ಪಾ ಆ ವಿಞ್ಞಾಣ? ಮಾತಾಡುವುದು, ಅನುಭವಿಸುವುದು, ಒಳ್ಳೆಯದು ಕೆಟ್ಟದ್ದರ ಫಲ ಉಣ್ಣುವುದು ಅದೇ ಅಂದ ಸಾತಿ. ಬುದ್ಧ ಅವನನ್ನು ‘ಮೋಘಪುರುಷ’, ಅಂದರೆ ಕೆಲಸಕ್ಕೆ ಬಾರದವನು, ಅಂತ ಬೈದ. ಆಮೇಲೆ ಬೆಂಕಿಯ ಮಾತು ತೆಗೆದ. ಕಟ್ಟಿಗೆ ಹಿಡಿದು ಉರಿದರೆ ಕಟ್ಟಿಗೆ ಬೆಂಕಿ, ಹುಲ್ಲು ಹಿಡಿದರೆ ಹುಲ್ಲಿನ ಬೆಂಕಿ, ಸಗಣಿ ಹಿಡಿದರೆ ಸಗಣಿ ಬೆಂಕಿ, ಹೊಟ್ಟು ಹಿಡಿದರೆ ಹೊಟ್ಟಿನ ಬೆಂಕಿ. ಅರಿವೂ ಹಾಗೆ. ಕಣ್ಣಿನಿಂದ ಹುಟ್ಟಿದ್ದಕ್ಕೆ ಕಣ್ಣಿನ ಅರಿವು ಅಂತ ಹೆಸರು, ಕಿವಿಯಿಂದ ಹುಟ್ಟಿದ್ದಕ್ಕೆ ಕಿವಿಯ ಅರಿವು. ಕಾರಣ ಇಲ್ಲದೆ ತಾನೇ ತಾನಾಗಿ ಅಲೆದಾಡುವ ಅರಿವು ಅಂತ ಯಾವುದೂ ಇಲ್ಲ. ನಿಮ್ಮ ಮೂರು ಸಾಲಿನ ಅರ್ಥಕ್ಕಿಂತ ಈ ಸಗಣಿ ಬೆಂಕಿ ಎಷ್ಟು ಹೆಚ್ಚು ಹೇಳುತ್ತದೆ ನೋಡಿ.

ಕನ್ನಡದಲ್ಲಿ ಬರೆಯುವವರಿಗೆ ಇಲ್ಲೊಂದು ವಿಶೇಷ ಗಂಡಾಂತರ ಇದೆ. ರೂಪ, ವೇದನೆ, ಸಂಜ್ಞೆ, ಸಂಸ್ಕಾರ, ವಿಜ್ಞಾನ: ಐದೂ ನಮಗೆ ಗೊತ್ತಿರುವ ಪದಗಳೇ. ಅದೇ ಕಷ್ಟ. ರೂಪ ಅಂದರೆ ನಮಗೆ ಅಂದಚೆಂದ, ಅಲ್ಲಿ ದೇಹ. ಸಂಜ್ಞೆ ಅಂದರೆ ಕೈಸನ್ನೆ, ಅಲ್ಲಿ ಗುರುತು ಹಿಡಿಯುವುದು. ಸಂಸ್ಕಾರ ಅಂದರೆ ಒಂದೋ ಮನೆಯಲ್ಲಿ ಕಲಿಸಿದ ನಡತೆ, ಇಲ್ಲವೇ ಸ್ಮಶಾನದ ಕೆಲಸ; ಅಲ್ಲಿ ಮನಸ್ಸು ಕಟ್ಟುವ ಇರಾದೆಗಳು. ‘ವೀರ್ಯ ಬೆಳೆಸಿಕೊಳ್ಳಬೇಕು’ ಅಂತ ಬೇರೆ ಬರೆದಿದ್ದೀರಿ. ಪ್ರಯತ್ನ, ಹುರುಪು ಅಂತ ನಿಮ್ಮ ಮನಸ್ಸಿನಲ್ಲಿದೆ, ಸರಿ. ಓದುವವರ ಮನಸ್ಸಿಗೆ ಏನು ಬರುತ್ತದೆ ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ. ಇಂಗ್ಲಿಷಿನಲ್ಲಿ ಓದುವವನಿಗೆ ಪಾಳಿ ಪದ ಅಪರಿಚಿತ, ಹಾಗಾಗಿ ಒಂದು ಕ್ಷಣ ನಿಲ್ಲುತ್ತಾನೆ. ನಮ್ಮ ಓದುಗ ನಿಲ್ಲುವುದೇ ಇಲ್ಲ, ಗೊತ್ತಿದೆ ಅಂದುಕೊಂಡು ಮುಂದೆ ಹೋಗುತ್ತಾನೆ. ಅವನನ್ನು ನಿಲ್ಲಿಸುವುದು ನಿಮ್ಮ ಕೆಲಸ.

ಎಲ್ಲಕ್ಕಿಂತ ಜಾಸ್ತಿ ಪೆಟ್ಟು ಬಿದ್ದಿರುವುದು ವೇದನೆಗೆ. ನೀವು ‘ವೇದನೆ ಎಂದರೆ ನೋವು, ನೋವಿನಿಂದ ತೃಷ್ಣೆ ಹುಟ್ಟುತ್ತದೆ’ ಅಂದಿದ್ದೀರಿ. ಹಾಗಾದರೆ ‘ಸುಖಾ ವೇದನಾ’ ಅಂತ ಸುತ್ತಗಳಲ್ಲಿ ಬರುವುದನ್ನು ಏನು ಮಾಡುತ್ತೀರಿ? ಸುಖದ ನೋವು ಅನ್ನುತ್ತೀರಾ? ಅಲ್ಲಿ ವೇದನಾ ಮೂರು ಬಗೆ. ಹಿತವಾದದ್ದು, ಅಹಿತವಾದದ್ದು, ಎರಡೂ ಅಲ್ಲದ್ದು. ನೋವು ಅದರಲ್ಲಿ ಒಂದು ಪಾಲು ಅಷ್ಟೇ. ತಣ್ಹಾ, ಅಂದರೆ ನೀವಂದ ತೃಷ್ಣೆ, ಹೆಚ್ಚಾಗಿ ಅಂಟಿಕೊಳ್ಳುವುದೇ ಹಿತವಾದದ್ದಕ್ಕೆ, ಅಲ್ವಾ? ಇದೊಂದು ತಪ್ಪಿದ್ದರಿಂದ ನಿಮ್ಮ ಪಟಿಚ್ಚಸಮುಪ್ಪಾದದ (ಒಂದರಿಂದ ಇನ್ನೊಂದು ಹುಟ್ಟುವ ಹನ್ನೆರಡು ಕೊಂಡಿಗಳ ಸರಪಳಿ) ಭಾಗ ಪೂರ್ತಿ ಅಡ್ಡದಾರಿ ಹಿಡಿದಿದೆ.

ಈಗ ನನ್ನ ಸಲಹೆ. ಪಟ್ಟಿಯನ್ನು ಪಕ್ಕಕ್ಕಿಡಿ. ಮಜ್ಝಿಮ ನಿಕಾಯದ 44ನೇ ಸುತ್ತ ತೆಗೆದುಕೊಳ್ಳಿ, ಚೂಳವೇದಲ್ಲ ಸುತ್ತ. ನೀವು ಹೇಳಬೇಕು ಅಂದುಕೊಂಡಿದ್ದರಲ್ಲಿ ಬಹಳಷ್ಟು ಅಲ್ಲೇ ಇದೆ, ಅದೂ ಇಬ್ಬರ ಮಾತಿನಲ್ಲಿ. ಜಾಗ ರಾಜಗಹದ ವೇಳುವನ. ವಿಸಾಖ ಎಂಬ ಉಪಾಸಕ ಧಮ್ಮದಿನ್ನಾ ಎಂಬ ಭಿಕ್ಖುನಿಯ ಹತ್ತಿರ ಬರುತ್ತಾನೆ. (ಸಾವತ್ಥಿಯ ದಾನಿ ವಿಸಾಖೆ ಬೇರೆ, ಇವನು ಗಂಡಸು. ಬೆರೆಸಬೇಡಿ.) ಅವನ ಮೊದಲ ಪ್ರಶ್ನೆಯೇ ಸಕ್ಕಾಯ (‘ನಾನು’ ಅಂತ ನಾವು ಅಂದುಕೊಳ್ಳುವುದು) ಎಂಬ ಪದದ ಮೇಲೆ: ‘ಅಯ್ಯೇ, ಸಕ್ಕಾಯ ಸಕ್ಕಾಯ ಅನ್ನುತ್ತಾರಲ್ಲ, ಭಗವಂತ ಸಕ್ಕಾಯ ಅಂದದ್ದು ಯಾವುದನ್ನು?’ ನಿಮ್ಮ ಓದುಗನ ಪ್ರಶ್ನೆಯೂ ಇದೇ ಧಾಟಿಯದು. ಆಕೆ ಸುತ್ತಿ ಬಳಸಿ ಹೇಳುವುದಿಲ್ಲ. ಐದು ಉಪಾದಾನಕ್ಖಂಧಗಳು, ಅಂದರೆ ನಾವು ಅಂಟಿಕೊಂಡ ಐದು ಖಂಧಗಳು, ಅಂತ ಉತ್ತರ. ಅವನು ಬಿಡುವವನಲ್ಲ. ಹಾಗಾದರೆ ಉಪಾದಾನ ಮತ್ತು ಆ ಐದು ಖಂಧಗಳು ಒಂದೇನಾ, ಬೇರೆಬೇರೆಯಾ? ಒಂದೂ ಅಲ್ಲ, ಬೇರೆಯೂ ಅಲ್ಲ. ಆ ಐದರ ಮೇಲಿನ ಆಸೆ, ಮೋಹ ಏನಿದೆ, ಅಲ್ಲಿ ಅದೇ ಉಪಾದಾನ ಅನ್ನುತ್ತಾಳೆ. ನೀವು ‘ಉಪಾದಾನ: ಅಂಟು’ ಅಂತ ಬರೆದು ಮುಂದಕ್ಕೆ ಹೋಗಿದ್ದೀರಿ. ಆ ಒಂದು ಪದದ ಒಳಗೆ ಎಂಥ ಒಳ್ಳೆಯ ತಕರಾರು ಇತ್ತು ನೋಡಿ.

ಸಂಖಾರದ (ನಮ್ಮ ಸಂಸ್ಕಾರ) ವಿಷಯಕ್ಕೆ ಬನ್ನಿ. ಖಂಧಗಳ ಸಾಲಿನಲ್ಲಿ ಬಂದಾಗ ಅದಕ್ಕೆ ಒಂದು ಅರ್ಥ. ಈ ಸುತ್ತದಲ್ಲಿ ಅವನು ಕೇಳುವ ಸಂಖಾರಗಳು ಬೇರೆ ಮೂರು. ಉಸಿರಾಟ ದೇಹದ ಸಂಖಾರ. ವಿತಕ್ಕ, ವಿಚಾರ ಮಾತಿನ ಸಂಖಾರ, ಯಾಕೆಂದರೆ ಮೊದಲು ಒಳಗೆ ಯೋಚಿಸಿ ಆಮೇಲೆ ಮಾತು ಹೊರಗೆ ಬರುತ್ತದೆ. ಸಞ್ಞಾ (ಸಂಜ್ಞೆ) ಮತ್ತು ವೇದನಾ ಚಿತ್ತದ ಸಂಖಾರ. ಒಂದೇ ಪದಕ್ಕೆ ಒಂದೇ ಕನ್ನಡ ಪದ ಹಚ್ಚಿ ಇಡೀ ಲೇಖನ ಓಡಿಸಿದರೆ ಇಂಥ ಕಡೆ ಸಿಕ್ಕಿಬೀಳುತ್ತೀರಿ.

ಇನ್ನು ವೇದನೆ. ಸುಖ ವೇದನೆಯಲ್ಲಿ ಸುಖ ಯಾವುದು, ದುಃಖ ಯಾವುದು ಅಂತ ಅವನು ಕೇಳುತ್ತಾನೆ. ಆಕೆ ಹೇಳುತ್ತಾಳೆ: ಸುಖ ವೇದನೆ ಇರುವಷ್ಟು ಹೊತ್ತು ಸುಖ, ಬದಲಾದಾಗ ದುಃಖ. ದುಃಖ ವೇದನೆ ಇರುವಷ್ಟು ಹೊತ್ತು ದುಃಖ, ಬದಲಾದಾಗ ಸುಖ. ಎರಡೂ ಅಲ್ಲದ್ದು ಗೊತ್ತಾದರೆ ಸುಖ, ಗೊತ್ತಾಗದಿದ್ದರೆ ದುಃಖ. ಈ ಕೊನೆಯ ಮಾತಿನ ಹತ್ತಿರ ಸ್ವಲ್ಪ ನಿಲ್ಲಿ. ಸುಖದ ಅಡಿಯಲ್ಲಿ ರಾಗ, ದುಃಖದ ಅಡಿಯಲ್ಲಿ ಪಟಿಘ, ಎರಡೂ ಅಲ್ಲದ್ದರ ಅಡಿಯಲ್ಲಿ ಅವಿಜ್ಜಾ (ತಿಳಿಯದಿರುವುದು) ಮಲಗಿರುತ್ತದೆ ಅಂತಲೂ ಆಕೆ ಮುಂದೆ ಹೇಳುತ್ತಾಳೆ. ಪಟಿಘ ಅಂದರೆ ಒಲ್ಲೆನೆಂದು ತಿರುಗಿಬೀಳುವ ಮನಸ್ಸು. ದಿನದ ಬಹುಪಾಲು ನಾವು ಆ ಮೂರನೆಯದರಲ್ಲೇ ಕಳೆಯುತ್ತೇವೆ, ಗಮನಿಸುವುದೇ ಇಲ್ಲ. ನಿಮ್ಮ ಲೇಖನದಲ್ಲಿ ‘ಉದಾಸೀನ ವೇದನೆಗೆ ಅಷ್ಟು ಮಹತ್ವವಿಲ್ಲ’ ಅಂತ ಇದೆ. ಧಮ್ಮದಿನ್ನೆ ಹೇಳುವುದು ನೇರ ಉಲ್ಟಾ.

ಕೊನೆಗೆ ವಿಸಾಖ ಜೋಡಿ ಕೇಳಲು ಶುರುಮಾಡುತ್ತಾನೆ. ಸುಖ ವೇದನೆಗೆ ಜೋಡಿ ಯಾವುದು? ದುಃಖ ವೇದನೆ. ದುಃಖಕ್ಕೆ? ಸುಖ. ಎರಡೂ ಅಲ್ಲದ್ದಕ್ಕೆ? ಅವಿಜ್ಜಾ. ಅವಿಜ್ಜೆಗೆ? ವಿಜ್ಜಾ (ತಿಳಿವು). ವಿಜ್ಜೆಗೆ? ವಿಮುತ್ತಿ (ಬಿಡುಗಡೆ). ವಿಮುತ್ತಿಗೆ? ನಿಬ್ಬಾನ (ನಿರ್ವಾಣ). ನಿಬ್ಬಾನಕ್ಕೆ? ಇಲ್ಲಿ ಆಕೆ ತಡೆಯುತ್ತಾಳೆ. ‘ಆವುಸೋ (ಗೆಳೆಯ) ವಿಸಾಖ, ಪ್ರಶ್ನೆಯ ಎಲ್ಲೆ ದಾಟಿಬಿಟ್ಟೆ. ಎಲ್ಲಿ ನಿಲ್ಲಿಸಬೇಕು ಅಂತ ನಿನಗೆ ತಿಳಿಯಲಿಲ್ಲ’ ಅನ್ನುತ್ತಾಳೆ. ಬೇಕಿದ್ದರೆ ಹೋಗಿ ಭಗವಂತನನ್ನೇ ಕೇಳು ಅಂತಲೂ ಸೇರಿಸುತ್ತಾಳೆ. ಅವನು ನಿಜವಾಗಿಯೂ ಹೋಗುತ್ತಾನೆ. ಆದ ಮಾತೆಲ್ಲ ಕೇಳಿಸಿಕೊಂಡ ಬುದ್ಧ, ಧಮ್ಮದಿನ್ನಾ ಪಂಡಿತೆ, ನನ್ನನ್ನು ಕೇಳಿದ್ದರೂ ಇದೇ ಉತ್ತರ ಕೊಡುತ್ತಿದ್ದೆ ಅನ್ನುತ್ತಾನೆ. ಧಮ್ಮವನ್ನು ವಿವರಿಸಿ ಹೇಳುವ ಭಿಕ್ಖುನಿಯರಲ್ಲಿ ಈಕೆಯೇ ಮೊದಲಿಗಳು ಅಂತ ಅಂಗುತ್ತರ ನಿಕಾಯದಲ್ಲೂ ಇದೆ. ನಿಮ್ಮ ಅಷ್ಟುದ್ದದ ಲೇಖನದಲ್ಲಿ ಒಬ್ಬ ಭಿಕ್ಖುನಿಯ ಹೆಸರೂ ಇರಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ.

ಈ ವಿಸಾಖ ಆಕೆಯ ಹಿಂದಿನ ಗಂಡ. ಇದು ಗೊತ್ತಾದ ಕೂಡಲೇ ಆ ‘ಅಯ್ಯೇ’ ಎಂಬ ಗೌರವದ ಕರೆಯ ತೂಕವೇ ಬದಲಾಗುತ್ತದೆ. ಆದರೆ ಹುಷಾರು. ಗಂಡನ ವಿಷಯ ಸುತ್ತದಲ್ಲಿ ಇಲ್ಲ, ಅಟ್ಠಕಥೆಯಲ್ಲಿದೆ, ಅಂದರೆ ಆಮೇಲಿನ ವ್ಯಾಖ್ಯಾನದಲ್ಲಿ. ಬರೆಯಬೇಡಿ ಅನ್ನುತ್ತಿಲ್ಲ, ‘ಅಟ್ಠಕಥೆ ಹೇಳುವಂತೆ’ ಅಂತ ಸೇರಿಸಿ ಬರೆಯಿರಿ. ಈ ಎರಡು ಪದರಗಳನ್ನು ನೀವು ಎಲ್ಲ ಕಡೆ ಬೆರೆಸಿದ್ದೀರಿ. ಕಿಸಾಗೋತಮಿಯ ಸಾಸಿವೆ ಕಾಳಿನ ಕತೆಯನ್ನು ‘ತಿಪಿಟಕದಲ್ಲಿ ಹೀಗಿದೆ’ ಅಂತ ಕೊಟ್ಟಿದ್ದೀರಿ. ಥೇರೀಗಾಥೆಯಲ್ಲಿ (ಭಿಕ್ಖುನಿಯರ ಪದ್ಯಸಂಗ್ರಹ) ಆಕೆಯ ಪದ್ಯಗಳಿವೆ, ಸಾಸಿವೆ ಇಲ್ಲ. ಸಾಸಿವೆಯ ಕತೆ ವಿವರವಾಗಿ ಬರುವುದು ಅಟ್ಠಕಥೆಯಲ್ಲಿ. ಮುದುಕ, ರೋಗಿ, ಹೆಣ, ಸನ್ಯಾಸಿಯನ್ನು ಕಂಡು ರಾಜಕುಮಾರ ಮನೆ ಬಿಟ್ಟ ಕತೆಯೂ ಹಾಗೇ. ದೀಘ ನಿಕಾಯದ 14ನೇ ಸುತ್ತದಲ್ಲಿ ಅದು ಬರುವುದು ವಿಪಸ್ಸಿ ಎಂಬ ಹಿಂದಿನ ಬುದ್ಧನ ಬಗ್ಗೆ. ಗೋತಮ ತನ್ನ ಬಗ್ಗೆ ತಾನೇ ಹೇಳಿಕೊಳ್ಳುವ ಮಜ್ಝಿಮದ 26ನೇ ಸುತ್ತದಲ್ಲಿ ಚಿತ್ರವೇ ಬೇರೆ. ಇನ್ನೂ ಕಪ್ಪು ಕೂದಲಿನ ವಯಸ್ಸು, ಅಪ್ಪ ಅಮ್ಮ ಒಪ್ಪದೆ ಅಳುತ್ತಿದ್ದಾರೆ, ಅವನು ತಲೆ ಬೋಳಿಸಿ ಹೊರಡುತ್ತಾನೆ. ರಾತ್ರಿ ಕದ್ದು ಹೋದದ್ದು ಅಲ್ಲಿಲ್ಲ.

‘ನಿಮ್ಮ ತರ್ಕಕ್ಕೆ ಒಪ್ಪಿದ್ದನ್ನು ಮಾತ್ರ ನಂಬಿ’ ಎಂಬ ವಾಟ್ಸಾಪ್ ವಾಕ್ಯವನ್ನು ದಯವಿಟ್ಟು ತೆಗೆದುಹಾಕಿ. ಅದು ಕೇಸಪುತ್ತದ ಕಾಲಾಮರಿಗೆ ಹೇಳಿದ ಮಾತು ಅನ್ನುತ್ತೀರಿ. ಅಂಗುತ್ತರದ ತಿಕ ನಿಪಾತ (ಮೂರರ ಪಟ್ಟಿಗಳ ಭಾಗ) ತೆಗೆದು ನೋಡಿ. ಬರೀ ಕೇಳಿದ್ದು, ಪರಂಪರೆ, ಗ್ರಂಥ ಇವಿಷ್ಟನ್ನೇ ನೆಚ್ಚಿಕೊಂಡು ಒಪ್ಪಬೇಡಿ ಅನ್ನುವ ಅದೇ ಪಟ್ಟಿಯಲ್ಲಿ ತರ್ಕವೂ ಇದೆ! ತಾವೇ ಕಂಡು, ಇದರಿಂದ ಕೆಡುಕಾಗುತ್ತದೆ, ತಿಳಿದವರು ಇದನ್ನು ಹಳಿಯುತ್ತಾರೆ ಅಂತ ಗೊತ್ತಾದಾಗ ಬಿಡಿ ಅನ್ನುತ್ತಾನೆ ಬುದ್ಧ. ಊರಿಗೆ ಬಂದ ಒಬ್ಬೊಬ್ಬ ಬೋಧಕನೂ ತನ್ನದನ್ನು ಹೊಗಳಿ ಉಳಿದವರದನ್ನು ತೆಗಳಿ ಹೋಗುತ್ತಿದ್ದಾನೆ, ಯಾರದು ಸರಿ ಅಂತ ತಲೆಕೆಟ್ಟು ಕೂತಿದ್ದವರಿಗೆ ಕೊಟ್ಟ ಉತ್ತರ ಅದು. ಅವರ ಪರದಾಟವನ್ನು ಎರಡು ಸಾಲು ಬರೆದಿದ್ದರೂ ಲೇಖನ ಜೀವ ಪಡೆಯುತ್ತಿತ್ತು.

ಬೈಲಕುಪ್ಪೆಯಲ್ಲಿ ನೀವು ತೆಗೆದ ಭವಚಕ್ರದ (ಹುಟ್ಟುಸಾವಿನ ಚಕ್ರ) ಫೋಟೋ ಚೆನ್ನಾಗಿದೆ. ಆದರೆ ಅದು ಟಿಬೆಟಿನ ಪರಂಪರೆಯದು. ಹನ್ನೆರಡು ಕೊಂಡಿಗಳು ಪಾಳಿಯಲ್ಲಿವೆ, ಆ ಚಕ್ರದ ಚಿತ್ರ ಪಾಳಿ ಸುತ್ತಗಳಲ್ಲಿ ಇಲ್ಲ. ಅದಕ್ಕೊಂದು ಬೇರೆ ಲೇಖನ ಬರೆಯಿರಿ, ಖಂಡಿತ ನೋಡುತ್ತೇನೆ.

ಕಾಗುಣಿತ ಒಂದಿಷ್ಟು. ಇಂಗ್ಲಿಷ್ ಪುಸ್ತಕದಿಂದ ನೇರ ಇಳಿಸಿಕೊಂಡಿದ್ದೀರಿ ಅಂತ ‘ಮೆಟ್ಟಾ’ ನೋಡಿದ ಕೂಡಲೇ ತಿಳಿಯಿತು. ಅದು ಮೆತ್ತಾ. ಹಾಗೆಯೇ ದಿಟ್ಟಿ ಅಲ್ಲ ದಿಟ್ಠಿ, ಪತಿಚ್ಚ ಅಲ್ಲ ಪಟಿಚ್ಚ, ನಿಬ್ಬಾಣ ಅಲ್ಲ ನಿಬ್ಬಾನ. ಪಾಳಿಗೆ ತನ್ನದೇ ಲಿಪಿ ಇಲ್ಲ. ಸಿಂಹಳದಲ್ಲಿ, ಬರ್ಮಾದಲ್ಲಿ, ಥಾಯ್ಲೆಂಡಿನಲ್ಲಿ ಅವರವರ ಲಿಪಿಯಲ್ಲಿ ಬರೆಯುತ್ತಾರೆ. ಕನ್ನಡ ಲಿಪಿಗಂತೂ ಅದು ಹೇಳಿ ಮಾಡಿಸಿದ ಹಾಗೆ ಕೂರುತ್ತದೆ. ಞ, ಳ ಎಲ್ಲ ನಮ್ಮಲ್ಲಿದೆ. ಮೆತ್ತಾದ ಹ್ರಸ್ವ ಎಕಾರವೂ ಇದೆ, ನಾಗರಿಯಲ್ಲಿ ಅದಿಲ್ಲ. 1954ರಿಂದ 56ರವರೆಗೆ ರಂಗೂನಿನಲ್ಲಿ ನಡೆದ ಆರನೇ ಸಂಗಾಯನದ (ಗ್ರಂಥಗಳನ್ನು ಒಟ್ಟಿಗೆ ಪಠಿಸಿ ತಿದ್ದುವ ಭಿಕ್ಖುಗಳ ಸಭೆ) ಪಾಠವನ್ನು ಇಗತ್‌ಪುರಿಯ ವಿಪಶ್ಯನ ಸಂಶೋಧನ ಸಂಸ್ಥೆಯವರು ಕನ್ನಡ ಲಿಪಿಯಲ್ಲೂ ಅಂತರ್ಜಾಲದಲ್ಲಿ ಇಟ್ಟಿದ್ದಾರೆ. ಪಾಳಿ ಪೂರ್ತಿ ಬರದಿದ್ದರೂ ಪರವಾಗಿಲ್ಲ. ಅನುವಾದವನ್ನು ಒಂದು ಪಕ್ಕ, ಇದನ್ನು ಇನ್ನೊಂದು ಪಕ್ಕ ಇಟ್ಟುಕೊಂಡು ಓದಿ. ಬೆಂಗಳೂರಿನಲ್ಲಿದ್ದರೆ ಗಾಂಧಿನಗರದ ಮಹಾಬೋಧಿ ಸೊಸೈಟಿಗೂ ಹೋಗಿಬನ್ನಿ. ಆಚಾರ್ಯ ಬುದ್ಧರಕ್ಖಿತರು 1956ರಲ್ಲಿ ಕಟ್ಟಿದ ಸಂಸ್ಥೆ, ಕನ್ನಡದಲ್ಲೂ ಪುಸ್ತಕ ತಂದಿದೆ.

ಮತ್ತೆ ಬರೆಯುವಾಗ ಧಮ್ಮದಿನ್ನೆಯ ಸುತ್ತ ಒಂದೇ ಸಾಕು. ಸಾತಿಯ ಬೆಂಕಿ ಬೇಕಾದರೆ ಇರಲಿ. ವೇದನೆ ಎಂಬ ಪದ ಮೊದಲು ಬಂದ ಕಡೆಯೇ, ಅದು ನೋವಲ್ಲ ಅಂತ ಒಂದು ವಾಕ್ಯ ಹಾಕಿ, ಆಮೇಲೆ ಮತ್ತೆ ಮತ್ತೆ ನೆನಪಿಸಬೇಡಿ. ಉಲ್ಲೇಖಕ್ಕೆ ನಿಕಾಯದ ಹೆಸರು, ಸುತ್ತದ ಸಂಖ್ಯೆ ಕೊಡಿ; ‘ಬುದ್ಧ ಹೇಳಿದ್ದಾನೆ’ ಅಂತ ಸುಮ್ನೆ ಬರೆದರೆ ನಾನು ಹೊಡೆದುಹಾಕುತ್ತೇನೆ. ಆಕೆ ವಿಸಾಖನನ್ನು ಕನ್ನಡದಲ್ಲಿ ನೀನು ಅನ್ನಬೇಕೋ ನೀವು ಅನ್ನಬೇಕೋ, ಅದನ್ನು ನೀವೇ ಯೋಚಿಸಿ ಒಂದು ಕಡೆ ನಿಲ್ಲಿ. ನಾನು ಮೇಲೆ ನೀನು ಅಂದಿದ್ದೇನೆ, ನಿಮ್ಮ ಕಿವಿಗೆ ಒಪ್ಪದಿದ್ದರೆ ಬದಲಿಸಿ. ಸಾವಿರದಿನ್ನೂರು ಪದ ದಾಟಬೇಡಿ. ಈ ಸಲ ಪಿಡಿಎಫ್ ಬೇಡ, ಯೂನಿಕೋಡ್‌ನಲ್ಲಿ ಕಳಿಸಿ.