ಗಿಡುಗನ ಸ್ಟಿಕರ್ ಒಂದೇ ಸಾಲೋದಿಲ್ರಿ

ಬೆಳಗಾವಿಯ ಟಿಳಕವಾಡಿಯ ಹೊಸ ಮನೆಯ ಮೆಟ್ಟಿಲ ಗಾಜಿಗೆ ಒಳಗಿಂದ ಗಿಡುಗನ ಸ್ಟಿಕರ್ ಅಂಟಿಸಿದರೂ ಹಕ್ಕಿ ಬಡಿಯೋದು ನಿಂತಿಲ್ಲ ಅಂದಿದ್ದೀರಿ. ನಿಲ್ಲೋದಿಲ್ರಿ ಸರ. ಹಕ್ಕಿಗೆ ಅದು ಗಿಡುಗ ಅಲ್ಲ, ಒಂದು ಕಲೆ ಅಷ್ಟೇ. ಅದರ ಪಕ್ಕದಿಂದ ಹಾರಿಹೋಗಲು ನೋಡುತ್ತದೆ. ಎದುರಿನ ಬೇವಿನ ಗಿಡ, ಆಕಾಶ ಗಾಜಿನಲ್ಲಿ ಮೂಡಿದಾಗ ಅದಕ್ಕೆ ಕಾಣೋದು ಬರೀ ಹಾದಿ. ಒಳಗಿನ ಸ್ಟಿಕರ್ ಆ ಬಿಂಬದ ಹಿಂದೆ ಮುಚ್ಚಿಹೋಗುತ್ತದೆ.

ಹೊರಮೈಗೆ ಕನಿಷ್ಠ 6 ಮಿ.ಮೀ. ಅಗಲದ ಬಿಳಿ ಚುಕ್ಕಿಗಳನ್ನು ಅಡ್ಡಕ್ಕೂ ಉದ್ದಕ್ಕೂ 5 ಸೆಂ.ಮೀ. ಅಂತರದಲ್ಲಿ, ಅಂಚಿನವರೆಗೂ ಹಚ್ಚಿ. ಇಷ್ಟು ಸಂದಿನಲ್ಲಿ ತೂರೋಕೆ ಆಗಲ್ಲ ಅಂತ ಸಣ್ಣ ಹಕ್ಕಿಗೂ ಅನಿಸಬೇಕು. ಅಗ್ಗದಲ್ಲಿ ಆಗಬೇಕಾದರೆ 3 ಮಿ.ಮೀ. ನೈಲಾನ್ ಹಗ್ಗವನ್ನು ಗಾಜಿನ ಹೊರಗೆ 10 ಸೆಂ.ಮೀ.ಗೊಂದರಂತೆ ಇಳಿಬಿಡಿ. ಸುಣ್ಣದ ಚುಕ್ಕಿ ಇಟ್ಟರೆ ಬೆಳಗಾವಿ ಮಳೆ ತೊಳೆದುಕೊಂಡು ಹೋಗುತ್ತದೆ.

ಪಿಕಳಾರ (ಬುಲ್‌ಬುಲ್ ಹಕ್ಕಿ) ಒಂದೇ ಕಿಟಕಿಯನ್ನು ದಿನವಿಡೀ ಕುಕ್ಕುತ್ತಿದ್ದರೆ ಅದು ಬೇರೆ ಮಾತು: ಗೂಡು ಕಟ್ಟೋ ಕಾಲಕ್ಕೆ ತನ್ನ ಬಿಂಬವನ್ನೇ ವೈರಿ ಅಂದುಕೊಂಡಿರುತ್ತದೆ. ಹೊರಗೆ ಕೆಲವು ವಾರ ಹಳೇ ಚಾದರ ಇಳಿಬಿಟ್ಟರೆ ಸಾಕು.

ಬಡಿದು ಬಿದ್ದ ಹಕ್ಕಿಗೆ ನೀರು ಕುಡಿಸಬೇಡಿ. ತೂತು ಮಾಡಿದ ರಟ್ಟಿನ ಡಬ್ಬಿಯಲ್ಲಿ, ಕತ್ತಲಲ್ಲಿ ಒಂದು ತಾಸು ಇಡಿ. ಎಚ್ಚೆತ್ತರೆ ಗಾಜಿನಿಂದ ದೂರ ಒಯ್ದು ಬಿಡಿ. ರೆಕ್ಕೆ ಜೋತುಬಿದ್ದಿದ್ದರೆ ಪಶುವೈದ್ಯರ ಹತ್ತಿರ ಒಯ್ಯಿರಿ.